ಮುಪ್ಪಂತ – ಒಂದು ಕ್ರೀಡಾವಿಚಾರ

ಕಳೆದ ಮಾಗಿಯ ಒಂದು ಭಾನುವಾರ ಸಂಜೆ ನನ್ನ ಹಳೆಯ ಶಿಷ್ಯನೊಬ್ಬನು ದುದ್ದಕ್ಕೆ ಬಂದು ನನ್ನನ್ನು ಕಂಡನು. ಕುಂಟುತ್ತ ಜಗುಲಿಯನ್ನೇರಿದ ಅವನ ಕೊರಳಿನಲ್ಲಿ ಒಂದು ತಗಡಿನ ಪದಕವಿತ್ತು. ಮುಖದಲ್ಲಿ ಬಿಸಿಲಿನ ಕಪ್ಪೂ ಅದನ್ನು ಮೀರಿದ ಸಂತೋಷವೂ ಇದ್ದುವು. ಏನು ಗೆದ್ದು ಬಂದೆಯೆಂದು ಕೇಳಿದರೆ, "ಗೆದ್ದದ್ದು ಏನೂ ಇಲ್ಲ ಗುರುಗಳೇ, ಕೊನೆಯಿಂದ ಮೂರನೆಯವನಾಗಿ ಮುಗಿಸಿದೆ" ಎಂದು ನಕ್ಕನು. ಅವನು ಹಾಸನದ ಕಚೇರಿಯೊಂದರಲ್ಲಿ ಗುಮಾಸ್ತನು. ನಲವತ್ತರ ಅಂಚಿನಲ್ಲಿರುವ ಸಂಸಾರಿ. ಕ್ರೀಡೆಯಿಂದ ಅವನಿಗೆ ಜೀವನವಿಲ್ಲ, ಕೀರ್ತಿಯೂ ಇಲ್ಲ. ಅವನ ಕಥೆಯನ್ನು ಕೇಳಿದ ಮೇಲೆ, ಈ ಸಂಚಿಕೆಗಾಗಿ ಛಂದಸ್ಸನ್ನು ಕುರಿತು ಬರೆಯಬೇಕೆಂದಿದ್ದ ಲೇಖನವನ್ನು ಬದಿಗಿರಿಸಿ ಇದನ್ನು ಬರೆಯಲು ಕುಳಿತೆನು. ಅದಕ್ಕೆ ಕಾರಣವು ಕೊನೆಯಲ್ಲಿ ವಿದ್ಯಾರ್ಥಿಗಳಿಗೆ ತಾನಾಗಿಯೇ ತಿಳಿದೀತು.

ಪದವಿಚಾರ

ಅವನು ಭಾಗವಹಿಸಿದ ಸ್ಪರ್ಧೆಗೆ 'ಟ್ರಯಥ್ಲಾನ್' ಎಂದು ಹೆಸರು. ಇದು ಗ್ರೀಕ್ ಮೂಲದ ಮಾತು. ಮೊದಲ ಭಾಗಕ್ಕೆ ಮೂರು ಎಂದೂ ಎರಡನೆಯ ಭಾಗಕ್ಕೆ ಸ್ಪರ್ಧೆ ಅಥವಾ ಸ್ಪರ್ಧೆಯ ಬಹುಮಾನ ಎಂದೂ ಅರ್ಥ. ಗ್ರೀಕರ 'ತ್ರಿ' ಎಂಬುದಕ್ಕೂ ಸಂಸ್ಕೃತದ 'ತ್ರಿ' ಎಂಬುದಕ್ಕೂ ಕುಲ ಒಂದೇ. ಈಜು, ಸೈಕಲ್ ಸವಾರಿ, ಓಟ – ಈ ಮೂರನ್ನೂ ನಡುವೆ ವಿರಾಮವಿಲ್ಲದೆ ಒಂದಾದ ಮೇಲೊಂದರಂತೆ ಒಬ್ಬನೇ ಮುಗಿಸತಕ್ಕದ್ದು ಇದರ ಲಕ್ಷಣ.

ಇದನ್ನು ಕನ್ನಡದಲ್ಲಿ ಏನೆನ್ನಬೇಕು? 'ತ್ರಿಓಟ' ಎಂಬಂತಹ ಮಾತು ಕಿವಿಗೆ ಹಿತವಲ್ಲ. ಸಂಸ್ಕೃತದ ಸಂಖ್ಯಾವಾಚಕಕ್ಕೆ ಅಚ್ಚಗನ್ನಡದ ಪದವನ್ನು ಹೊಂದಿಸಿದರೆ ಅದು ಅರಿಸಮಾಸದ ದೋಷಕ್ಕೆ ಗುರಿಯಾಗುತ್ತದೆ. ಮೂರು ಮಡಿ ಸೇರಿ ಮುಮ್ಮಡಿ, ಮೂರು ಪುರ ಸೇರಿ ಮುಪ್ಪುರ ಆಗುವ ದ್ವಿಗು ಸಮಾಸವನ್ನು ನೀವು ತರಗತಿಯಲ್ಲಿ ಓದಿದ್ದೀರಿ. ಅದೇ ದಾರಿಯಲ್ಲಿ ಮೂರು ಪಂತ ಸೇರಿ 'ಮುಪ್ಪಂತ'ವಾಗಲಿ ಎಂದು ನಾನು ಸೂಚಿಸಿದೆನು. ಇದನ್ನು ಕೇಳಿದ ನನ್ನ ಶಿಷ್ಯನು, "ಸರಿಯಾಗಿದೆ ಗುರುಗಳೇ, ನನ್ನ ಪಾಲಿಗೆ ಇದು ಮುಪ್ಪಿನ ಪಂತವೇ" ಎಂದನು. ಸಮಾಸವನ್ನು ಬೇರೆ ರೀತಿಯಲ್ಲಿ ಬಿಡಿಸಿದರೂ ಅವನ ವಿಗ್ರಹವಾಕ್ಯದಲ್ಲಿ ಅರ್ಥವಿಲ್ಲವೆನ್ನಲಾಗದು.

ಹುಟ್ಟು ಮತ್ತು ಬೆಳವಣಿಗೆ

ಈ ಕ್ರೀಡೆಯು ಪ್ರಾಚೀನವಾದುದಲ್ಲ. ೧೯೭೪ನೆಯ ಸೆಪ್ಟೆಂಬರ್ ೨೫ರಂದು ಅಮೆರಿಕದ ಸ್ಯಾನ್ ಡಿಯಾಗೊ ನಗರದ ಮಿಷನ್ ಬೇ ಎಂಬಲ್ಲಿ ಅಲ್ಲಿನ ಓಟಗಾರರ ಸಂಘವು ಇದನ್ನು ಮೊದಲು ನಡೆಸಿತು. ಜ್ಯಾಕ್ ಜಾನ್‌ಸ್ಟನ್, ಡಾನ್ ಶನಹನ್ ಎಂಬಿಬ್ಬರು ಅದರ ಯೋಜಕರು. ಅಂದು ಸೇರಿದವರು ೪೬ ಮಂದಿ. ಆ ಸ್ಪರ್ಧೆಯ ಪ್ರಕಟಣೆಯಲ್ಲಿ ಓಟ, ಸೈಕಲ್, ಈಜು ಎಂಬ ಕ್ರಮವಿದ್ದಿತೆಂಬುದು ಗಮನಾರ್ಹ. ಇಂದು ಕ್ರಮವು ತಲೆಕೆಳಗಾಗಿ ಈಜೇ ಮೊದಲಾಗಿದೆ. ಇದರ ಔಚಿತ್ಯ ಸ್ಪಷ್ಟ. ಓಡುವವನು ದಣಿದರೆ ನಿಲ್ಲಬಹುದು; ಸವಾರನು ದಣಿದರೆ ಇಳಿಯಬಹುದು; ಈಜುವವನು ದಣಿದರೆ ಮುಳುಗುವನು. ಆದುದರಿಂದ ಮೈಯಲ್ಲಿ ಕಸುವು ತುಂಬಿರುವಾಗಲೇ ನೀರಿನ ಕೆಲಸವನ್ನು ಮುಗಿಸುವುದು ವಿವೇಕ.

ಆ ದಿನ ಭಾಗವಹಿಸಿದ್ದ ನೌಕಾದಳದ ಅಧಿಕಾರಿ ಜಾನ್ ಕಾಲಿನ್ಸ್ ಮತ್ತು ಅವರ ಪತ್ನಿ ಜೂಡಿ ಮುಂದೆ ಹವಾಯಿ ದ್ವೀಪಕ್ಕೆ ಹೋಗಿ ನೆಲಸಿದರು. ಈಜುಗಾರ, ಸೈಕಲ್ ಸವಾರ, ಓಟಗಾರ – ಈ ಮೂವರಲ್ಲಿ ಹೆಚ್ಚು ಗಟ್ಟಿಗನು ಯಾರೆಂಬ ವಾದ ಅಲ್ಲಿ ನಡೆಯಿತು. ವಾದವನ್ನು ಬಾಯಿಂದ ತೀರಿಸುವುದರ ಬದಲು ಮೈಯಿಂದ ತೀರಿಸೋಣವೆಂದು ಅವರು ಆ ದ್ವೀಪದ ಮೂರು ದೀರ್ಘ ಪಂತಗಳನ್ನು ಒಂದಾಗಿ ಹೆಣೆದರು. ೧೯೭೮ನೆಯ ಫೆಬ್ರವರಿ ೧೮ರಂದು ನಡೆದ ಆ ಪ್ರಥಮ 'ಐರನ್‌ಮ್ಯಾನ್' ಸ್ಪರ್ಧೆಯಲ್ಲಿ ಹೊರಟವರು ೧೫ ಮಂದಿ, ಮುಗಿಸಿದವರು ೧೨ ಮಂದಿ. ಗೋರ್ಡನ್ ಹ್ಯಾಲರ್ ೧೧ ಗಂಟೆ ೪೬ ನಿಮಿಷ ೫೮ ಸೆಕೆಂಡುಗಳಲ್ಲಿ ಗೆದ್ದನು. ಕಾಲಿನ್ಸ್ ಮುಗಿಸುವುದಕ್ಕೆ ೧೭ ಗಂಟೆಗಳಾದುವು. ಸ್ಪರ್ಧೆಯನ್ನು ಸೃಷ್ಟಿಸಿದವನೇ ಗೆದ್ದವನಿಗಿಂತ ಐದು ಗಂಟೆ ಹಿಂದೆ ಬಂದನು. ಅದರಿಂದ ಅವನ ಗೌರವಕ್ಕೆ ಕುಂದೇನೂ ಉಂಟಾಗಲಿಲ್ಲ.

೧೯೮೯ರಲ್ಲಿ ಫ್ರಾನ್ಸಿನ ಅವಿನ್ಯೋನ್ ನಗರದಲ್ಲಿ ಅಂತಾರಾಷ್ಟ್ರೀಯ ಸಂಘವು ಸ್ಥಾಪಿತವಾಯಿತು. ೨೦೦೦ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಈ ಕ್ರೀಡೆಗೆ ಸ್ಥಾನ ದೊರೆತು, ಸ್ವಿಟ್ಜರ್ಲೆಂಡಿನ ಬ್ರಿಗಿಟ್ ಮೆಕ್‌ಮಹೋನ್ ಮತ್ತು ಕೆನಡಾದ ಸೈಮನ್ ವಿಟ್‌ಫೀಲ್ಡ್ ಪ್ರಥಮ ಸ್ವರ್ಣವಿಜೇತರೆನಿಸಿದರು.

ದೂರದ ಅಳತೆಗಳು

ಈ ಪಂತದಲ್ಲಿ ನಾಲ್ಕು ಬಗೆಯ ದೂರಗಳು ಪ್ರಸಿದ್ಧವಾಗಿವೆ. ದೀರ್ಘವಾದುದರಲ್ಲಿ ೩.೮ ಕಿಲೋಮೀಟರ್ ಈಜು, ೧೮೦ ಕಿಲೋಮೀಟರ್ ಸವಾರಿ, ೪೨.೨ ಕಿಲೋಮೀಟರ್ ಓಟ, ಒಟ್ಟು ೨೨೬. ಅದರ ಅರ್ಧ ೧೧೩. ಒಲಿಂಪಿಕ್ಸ್‌ನಲ್ಲಿ ಈಜು ಒಂದೂವರೆ, ಸವಾರಿ ೪೦, ಓಟ ೧೦, ಒಟ್ಟು ಐವತ್ತೊಂದೂವರೆ. ಅದರಲ್ಲೂ ಅರ್ಧವಾದುದು ಹ್ರಸ್ವ ಮುಪ್ಪಂತ: ೭೫೦ ಮೀಟರ್ ಈಜು, ೨೦ ಕಿಲೋಮೀಟರ್ ಸವಾರಿ, ೫ ಕಿಲೋಮೀಟರ್ ಓಟ. ನನ್ನ ಶಿಷ್ಯನು ಮಾಡಿದ್ದು ಇದನ್ನು.

ಹ್ರಸ್ವವೆಂದೊಡನೆ ಹಗುರವೆಂದು ಭಾವಿಸಲಾಗದು. ೫೦ ಮೀಟರ್ ಉದ್ದದ ಕೊಳವನ್ನು ಹದಿನೈದು ಬಾರಿ ದಾಟಿದರೆ ೭೫೦ ಮೀಟರ್ ಆಗುತ್ತದೆ. ೪೦೦ ಮೀಟರಿನ ಓಟದ ಪಥವನ್ನು ಹನ್ನೆರಡೂವರೆ ಬಾರಿ ಸುತ್ತಿದರೆ ೫ ಕಿಲೋಮೀಟರ್ ಆಗುತ್ತದೆ. ಇವೆರಡರ ನಡುವೆ ೨೦ ಕಿಲೋಮೀಟರಿನ ಸವಾರಿ ಇದೆ. ಆದರೆ ಇದು ಅಮಾನುಷವಾದುದೂ ಅಲ್ಲ. ಹಾಲಿನ ಕ್ಯಾನನ್ನೋ ಆಲೂಗೆಡ್ಡೆಯ ಚೀಲವನ್ನೋ ಹೇರಿಕೊಂಡು ಹಾಸನದ ಪೇಟೆಗೆ ಸೈಕಲ್ ತುಳಿದ ಹಿರಿಯರು ನಮ್ಮ ಹೋಬಳಿಯಲ್ಲಿ ಬೇಕಾದಷ್ಟು ಮಂದಿ ಇದ್ದರು. ಅವರಿಗೆ ಯಾರೂ ಪದಕವನ್ನು ತೊಡಿಸಲಿಲ್ಲ.

ಕನ್ನಡನಾಡಿನ ಪರಂಪರೆ

ಮುಪ್ಪಂತದ ಮೂರು ಅಂಗಗಳಲ್ಲಿಯೂ ಕನ್ನಡನಾಡು ಬಡವಲ್ಲ. ೧೯೨೦ರ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಮ್ಯಾರಥಾನ್ ಓಡಿ ೧೯ನೆಯ ಸ್ಥಾನವನ್ನು ಪಡೆದರು. ವಿಜಯಪುರ, ಬಾಗಲಕೋಟೆ ಸೀಮೆಗಳು ಸೈಕಲ್ ಪಟುಗಳ ತವರೆಂದು ಹೆಸರಾಗಿವೆ. ಈಜಿನಲ್ಲಿ ಬೆಂಗಳೂರಿನ ನಿಶಾ ಮಿಲೆಟ್, ಮುಪ್ಪಂತವು ಒಲಿಂಪಿಕ್ಸ್ ಪ್ರವೇಶಿಸಿದ ಅದೇ ಸಿಡ್ನಿ ಕೂಟದಲ್ಲಿ, ೨೦೦ ಮೀಟರ್ ಸ್ಪರ್ಧೆಯಲ್ಲಿ ಭಾರತವನ್ನು ಪ್ರತಿನಿಧಿಸಿದರು.

ಮೂರನ್ನೂ ಒಟ್ಟುಗೂಡಿಸಿದವರೂ ಉಂಟು. ಬೆಂಗಳೂರಿನ ನಂಟುಳ್ಳ ಇಂಜಿನಿಯರ್ ಅನು ವೈದ್ಯನಾಥನ್ ೨೦೦೯ರಲ್ಲಿ ಕೆನಡಾದಲ್ಲಿ ನಡೆದ 'ಅಲ್ಟ್ರಾಮ್ಯಾನ್' ಸ್ಪರ್ಧೆಯನ್ನು ಮುಗಿಸಿದರು. ಮೂರು ದಿನಗಳಲ್ಲಿ ೧೦ ಕಿಲೋಮೀಟರ್ ಈಜು, ಸುಮಾರು ೪೨೦ ಕಿಲೋಮೀಟರ್ ಸವಾರಿ, ಸುಮಾರು ೮೪ ಕಿಲೋಮೀಟರ್ ಓಟ – ಇದು ಅದರ ಪ್ರಮಾಣ. ನೈಋತ್ಯ ರೈಲ್ವೆಯ ಅಧಿಕಾರಿ ಶ್ರೇಯಸ್ ಹೊಸೂರ ೨೦೨೨ರ ಜೂನ್ ತಿಂಗಳಿನಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ದೀರ್ಘ ಮುಪ್ಪಂತವನ್ನು ೧೩ ಗಂಟೆ ೨೬ ನಿಮಿಷಗಳಲ್ಲಿ ಪೂರೈಸಿದರು. ಕಡತಗಳ ನಡುವೆ ದುಡಿಯುವವರಿಗೂ ಇದು ಸಾಧ್ಯವೆಂಬುದಕ್ಕೆ ಅವರು ನಿದರ್ಶನ. ನೆರೆಯ ಗೋವೆಯಲ್ಲಿ ೨೦೧೯ರ ಅಕ್ಟೋಬರಿನಲ್ಲಿ ಅರ್ಧದೂರದ ಅಂತಾರಾಷ್ಟ್ರೀಯ ಪಂತವು ಮೊದಲ ಬಾರಿಗೆ ನಡೆದ ಮೇಲೆ ಈ ಹವ್ಯಾಸವು ನಮ್ಮ ನಗರಗಳಲ್ಲಿ ಹಬ್ಬಿತು.

ಶಿಷ್ಯನ ಅನುಭವ

ಇನ್ನು ಪ್ರಕೃತಕ್ಕೆ ಬರೋಣ. ಮೂರು ವರ್ಷಗಳ ಹಿಂದೆ ವೈದ್ಯರು ಅವನ ರಕ್ತವನ್ನು ಪರೀಕ್ಷಿಸಿ ಸಕ್ಕರೆಯು ಗಡಿಯ ಹತ್ತಿರ ಬಂದಿದೆಯೆಂದು ಎಚ್ಚರಿಸಿದರು. ಅವನು ನಡೆಯತೊಡಗಿದನು, ನಡಿಗೆ ಓಟವಾಯಿತು. ತಂದೆಯ ಹಳೆಯ ಸೈಕಲ್ಲಿಗೆ ಎಣ್ಣೆ ಬಿಟ್ಟು ರಸ್ತೆಗೆ ತಂದನು. ಆದರೆ ಈಜು ಮಾತ್ರ ಬಾರದು. ತನ್ನ ಮಗಳ ವಯಸ್ಸಿನ ಮಕ್ಕಳ ಜೊತೆಯಲ್ಲಿ ಕೊಳದ ಅಂಚನ್ನು ಹಿಡಿದು ಕಾಲು ಬಡಿಯುವುದನ್ನು ಕಲಿಯುವಾಗ ಅವನ ವಯಸ್ಸು ಮೂವತ್ತೇಳು. ಗುಂಡಿಗೆ ನಿಂತ ಹಾಗಾಗುತ್ತಿತ್ತಂತೆ. ಒಂದೂವರೆ ವರ್ಷದ ಮೇಲೆ ಹ್ರಸ್ವ ಮುಪ್ಪಂತಕ್ಕೆ ಹೆಸರು ಕೊಟ್ಟನು.

ಸ್ಪರ್ಧೆ ಒಂದು ಹಿನ್ನೀರಿನಲ್ಲಿ. ಸೂರ್ಯೋದಯದ ವೇಳೆಗೆ ನೂರಾರು ಮಂದಿ ದಡದಲ್ಲಿ ನೆರೆದಿದ್ದರು. ಕೊಳದ ನೀರಿಗೂ ಹಿನ್ನೀರಿಗೂ ಇರುವ ಭೇದವನ್ನು ಅವನು ಅಂದು ಅರಿತನು. ಕೊಳದಲ್ಲಿ ತಳ ಕಾಣುತ್ತದೆ, ತಳದಲ್ಲಿ ಎಳೆದ ಕಪ್ಪು ಗೆರೆ ದಾರಿ ತೋರುತ್ತದೆ. ಇಲ್ಲಿ ಕಣ್ಣಿಗೆ ಕಾಣುವುದು ಹಸುರು ಕತ್ತಲೆಯೊಂದೇ. ದಾರಿಯನ್ನರಿಯಲು ಹತ್ತಾರು ಕೈಗಳಿಗೊಮ್ಮೆ ತಲೆಯೆತ್ತಿ ದೂರದ ತೇಲುಗುಂಡನ್ನು ನೋಡಬೇಕು. ಸುತ್ತಲೂ ಇತರರ ಕೈಕಾಲುಗಳು ಬಡಿಯುತ್ತವೆ. ನೀರು ಗಾಳಿಗಿಂತ ಸುಮಾರು ೮೦೦ ಪಾಲು ಸಾಂದ್ರವಾದುದು. ಆದುದರಿಂದ ಅವಸರಪಟ್ಟು ಬಡಿದಾಡಿದವನ ಶಕ್ತಿ ವ್ಯರ್ಥವಾಗುತ್ತದೆಯೇ ಹೊರತು ಮೈ ಮುಂದೆ ಸಾಗದು.

ಇನ್ನೂರು ಮೀಟರ್ ಹೋಗುವಷ್ಟರಲ್ಲಿ ಅವನಿಗೆ ಉಸಿರು ಕಟ್ಟಿತು. ಒಂದು ಗುಟುಕು ನೀರು ಒಳಗೆ ಹೋಯಿತು. ಕೈಗಳು ಕಲಿತ ವಿದ್ಯೆಯನ್ನು ಮರೆತುವು. "ಆಗ ನಿಮ್ಮ ಮಾತು ನೆನಪಾಯಿತು ಗುರುಗಳೇ" ಎಂದನು. ಕಷ್ಟಕಾಲದಲ್ಲಿ ಶಿಷ್ಯನಿಗೆ ಸ್ಮರಣೆಗೆ ಬಂದ ನನ್ನ ಹಿತವಚನ ಯಾವುದಿರಬಹುದೆಂದು ನಾನು ತುಸು ಹೆಮ್ಮೆಯಿಂದಲೇ ಕೇಳಿದೆನು. ಅವನು ಕ್ಷಣಕಾಲ ತಡೆದು, "ನೀರಿನ ಹತ್ತಿರ ಹೋಗಬೇಡಿ ಎಂದು ನೀವು ಹೇಳಿದ್ದು" ಎಂದನು.

ಅದರ ಹಿನ್ನೆಲೆಯನ್ನು ಇಲ್ಲಿ ಹೇಳಲೇಬೇಕಾಗಿದೆ. ಅವನು ನನ್ನ ತರಗತಿಯಲ್ಲಿದ್ದ ವರ್ಷ, ನಾನು ಆಗ ಪಾಠ ಹೇಳುತ್ತಿದ್ದ ಊರಿನ ಕೆರೆಯಲ್ಲಿ ಒಬ್ಬ ಹುಡುಗನು ಮುಳುಗಿ ತೀರಿಕೊಂಡನು. ಅವನು ಇವನೊಡನೆ ಒಂದೇ ಮಣೆಯಲ್ಲಿ ಕೂಡುತ್ತಿದ್ದವನು. ಮರುದಿನ ನಾನು ತರಗತಿಯಲ್ಲಿ ನಿಂತು, ಇನ್ನು ಯಾರೂ ಕೆರೆಯ ಕಡೆಗೆ ತಲೆ ಹಾಕಕೂಡದೆಂದು ಎಲ್ಲರಿಂದ ಕೈಮೇಲೆ ಕೈಯಿಡಿಸಿ ಆಣೆ ಮಾಡಿಸಿದೆನು. ಕರ್ತವ್ಯವನ್ನು ಮಾಡಿದೆನೆಂದೇ ಅಂದು ನಂಬಿದ್ದೆ. ಆ ತರಗತಿಯ ಮಕ್ಕಳಲ್ಲಿ ಬಹುಮಂದಿ ಇಂದಿಗೂ ಈಜನ್ನರಿಯರೆಂದು ಇವನಿಂದ ಈಗ ತಿಳಿಯಿತು. ಅವರ ಮಕ್ಕಳೂ ಅರಿಯರು. ನಾನು ಕೆರೆಯ ಭಯವನ್ನು ಕಲಿಸಿದೆ, ಕೆರೆಯಲ್ಲಿ ಬದುಕುವುದನ್ನು ಕಲಿಸುವವರನ್ನು ಹುಡುಕಲಿಲ್ಲ. ನಮ್ಮ ಹಿರಿಯರಾದರೋ ಒಣಸೋರೆಯ ಬುರುಡೆಯನ್ನೋ ಬೆಂಡನ್ನೋ ಬೆನ್ನಿಗೆ ಕಟ್ಟಿ, ಬಾಳೆದಿಂಡನ್ನು ಕೈಗೆ ಕೊಟ್ಟು, ಸೊಂಟಕ್ಕೆ ಹಗ್ಗ ಬಿಗಿದು ಮಕ್ಕಳನ್ನು ಬಾವಿಗೆ ಇಳಿಸುತ್ತಿದ್ದರು. ಆ ಹಗ್ಗದ ತುದಿ ದೊಡ್ಡವರ ಕೈಯಲ್ಲಿರುತ್ತಿತ್ತು. ನಾನು ಹಗ್ಗವನ್ನು ಹಿಡಿಯುವ ಬದಲು ಬಾಗಿಲನ್ನು ಮುಚ್ಚಿದೆನು.

ಹಿನ್ನೀರಿನ ನಡುವೆ ಆ ಆಣೆಯೇ ಅವನ ಕಾಲನ್ನು ಹಿಡಿದೆಳೆಯಿತು. ಹತ್ತಿರದ ಕಾವಲು ದೋಣಿಯವನು ಕೈಯೆತ್ತಬೇಕೆಂದು ಕೂಗಿದನು. ಕೈಯೆತ್ತಿದರೆ ಮೇಲೆತ್ತಿಕೊಳ್ಳುವರು, ಅಲ್ಲಿಗೆ ಸ್ಪರ್ಧೆ ಮುಗಿಯುವುದು. ಆದರೆ ನಿಯಮದಲ್ಲಿ ಒಂದು ಕರುಣೆಯಿದೆ: ದಣಿದವನು ತೇಲುಗುಂಡನ್ನು ಹಿಡಿದು ವಿಶ್ರಮಿಸಬಹುದು, ಅದರ ಸಹಾಯದಿಂದ ಮುಂದೆ ಸಾಗಕೂಡದು ಅಷ್ಟೆ. ಅವನು ಬೆನ್ನಿನ ಮೇಲೆ ತಿರುಗಿ ಆಕಾಶವನ್ನು ನೋಡುತ್ತ ತೇಲಿದನು. ಮೆಲ್ಲನೆ ಗುಂಡನ್ನು ಸೇರಿ ಅದನ್ನು ಹಿಡಿದು ಇಪ್ಪತ್ತು ಉಸಿರುಗಳನ್ನು ಎಣಿಸಿದನು. ಬಳಿಕ ಕೈ ಬಿಟ್ಟನು. ೩೧ನೆಯ ನಿಮಿಷದಲ್ಲಿ ಕಾಲಿಗೆ ಕೆಸರು ತಗುಲಿತು. ಅಷ್ಟು ಸವಿಯಾದ ಕೆಸರನ್ನು ತಾನು ತುಳಿದೇ ಇರಲಿಲ್ಲವೆಂದನು.

ದಡವನ್ನು ಸೇರಿದ ಮೇಲೆ ಸೈಕಲ್‌ಗಳನ್ನು ನಿಲ್ಲಿಸಿದ ಅಂಗಣ. ಇಲ್ಲಿಯೂ ಗಡಿಯಾರ ನಿಲ್ಲುವುದಿಲ್ಲ. ಬಟ್ಟೆ ಬದಲಿಸುವ ಹೊತ್ತೂ ಲೆಕ್ಕಕ್ಕೆ ಸೇರುತ್ತದೆ. ಶಿರಸ್ತ್ರಾಣದ ಪಟ್ಟಿಯನ್ನು ಬಿಗಿದ ಹೊರತು ಸೈಕಲ್ಲನ್ನು ಮುಟ್ಟಕೂಡದೆಂಬುದು ಕಟ್ಟುನಿಟ್ಟಿನ ನಿಯಮ. ನಡುಗುವ ಬೆರಳುಗಳಿಂದ ಅದನ್ನು ಬಿಗಿಯುವುದಕ್ಕೆ, ಒದ್ದೆಗಾಲಿಗೆ ಕಾಲುಚೀಲ ತೊಡುವುದಕ್ಕೆ ಅವನಿಗೆ ಐದು ನಿಮಿಷಗಳಾದುವು. ಸವಾರಿ ೫೮ ನಿಮಿಷ. ಅವನ ಹಳೆಯ ಸೈಕಲ್ಲು ಬೆಲೆಬಾಳುವ ಹಗುರ ಸೈಕಲ್‌ಗಳ ನಡುವೆ ಕುದುರೆಗಳ ನಡುವಿನ ಎತ್ತಿನಂತಿದ್ದರೂ ಎಲ್ಲಿಯೂ ಮುಗ್ಗರಿಸಲಿಲ್ಲ. ಮತ್ತೆ ಮೂರು ನಿಮಿಷಗಳ ಬದಲಾವಣೆ.

ಸೈಕಲ್ಲಿನಿಂದಿಳಿದು ಓಡತೊಡಗಿದೊಡನೆ ಕಾಲುಗಳು ತನ್ನವಲ್ಲವೆಂಬ ಭ್ರಮೆ ಹುಟ್ಟಿತಂತೆ. ಇದು ಎಲ್ಲ ಸ್ಪರ್ಧಿಗಳ ಅನುಭವ. ಸವಾರಿಯಲ್ಲಿ ಸೊಂಟ ಬಾಗಿರುತ್ತದೆ, ಮೈಭಾರವನ್ನು ಪೀಠ ಹೊರುತ್ತದೆ, ಕಾಲುಗಳು ಚಕ್ರದಂತೆ ಸುತ್ತುತ್ತವೆ. ಓಟದಲ್ಲಿ ಮೈ ನೆಟ್ಟಗಾಗಿ ಭಾರವೆಲ್ಲ ಒಮ್ಮೆಗೇ ಕಾಲಿನ ಮೇಲೆ ಬೀಳುತ್ತದೆ. ಸ್ನಾಯುಗಳು ಹೊಸ ಕೆಲಸಕ್ಕೆ ಹೊಂದಿಕೊಳ್ಳಲು ಕೆಲವು ನಿಮಿಷ ಬೇಕು. ಅಲ್ಲಿಯವರೆಗೆ ಸಣ್ಣ ಹೆಜ್ಜೆಯಿಡುವುದೇ ಉಪಾಯ. ಓಟಕ್ಕೆ ೪೧ ನಿಮಿಷ; ಎಲ್ಲ ಸೇರಿ ೨ ಗಂಟೆ ೧೮ ನಿಮಿಷ. ಗೆದ್ದವರು ಆ ವೇಳೆಗೆ ತಿಂಡಿಯನ್ನೂ ಮುಗಿಸಿದ್ದರು. ಗೆರೆಯ ಬಳಿ ಅವನ ಹೆಂಡತಿ, ಮಗಳು ಮತ್ತು ಬೆಳಗಿನ ದೋಣಿಯವನು, ಈ ಮೂವರು ಚಪ್ಪಾಳೆ ತಟ್ಟಿದರು.

ವಿಚಾರಮಂಥನ

ಕೊನೆಯವನಿಗೂ ಗೌರವವುಂಟೆಂಬುದನ್ನು ಈ ಕ್ರೀಡೆಯ ಇತಿಹಾಸವು ಮತ್ತೆ ಮತ್ತೆ ತೋರಿಸಿದೆ. ೧೯೮೨ರ ಫೆಬ್ರವರಿಯಲ್ಲಿ ಹವಾಯಿಯ ಸ್ಪರ್ಧೆಯಲ್ಲಿ ಮುಂದಿದ್ದ ಜೂಲಿ ಮಾಸ್ ಎಂಬ ವಿದ್ಯಾರ್ಥಿನಿ ಗುರಿಯ ಸಮೀಪದಲ್ಲಿಯೇ ಕುಸಿದಳು. ಕ್ಯಾಥ್ಲೀನ್ ಮೆಕಾರ್ಟ್ನಿ ಅವಳನ್ನು ದಾಟಿ ಗೆದ್ದಳು. ಜೂಲಿ ತೆವಳಿಕೊಂಡೇ ಗೆರೆಯನ್ನು ಮುಟ್ಟಿದಳು. ಅಂತರ ೨೯ ಸೆಕೆಂಡು. ಲೋಕವು ನೆನಪಿಟ್ಟುಕೊಂಡದ್ದು ಆ ತೆವಳಿಕೆಯನ್ನು. ೨೦೧೬ರ ಸೆಪ್ಟೆಂಬರಿನಲ್ಲಿ ಮೆಕ್ಸಿಕೋದ ಕೊಜುಮೆಲ್‌ನಲ್ಲಿ ಮುಂದೆ ಓಡುತ್ತಿದ್ದ ಜಾನಿ ಬ್ರೌನ್ಲೀ ಬಿಸಿಲಿಗೆ ತತ್ತರಿಸಿದಾಗ, ಹಿಂದಿನಿಂದ ಬಂದ ಅಣ್ಣ ಅಲಿಸ್ಟರ್ ತನ್ನ ಗೆಲುವಿನ ಅವಕಾಶವನ್ನು ಬಿಟ್ಟು, ತಮ್ಮನನ್ನು ಹೆಗಲಿಗಾನಿಸಿ ತಂದು ತನಗಿಂತ ಮುಂಚೆ ಗೆರೆಯಾಚೆಗೆ ನೂಕಿದನು.

ವ್ಯಾಯಾಮದ ಮಾತು ಬಂದಾಗಲೆಲ್ಲ, ಧರ್ಮಸಾಧನೆಗೆ ಶರೀರವೇ ಮೊದಲ ಉಪಕರಣವೆಂಬ ಕಾಳಿದಾಸನ ಉಕ್ತಿಯನ್ನು ಭಾಷಣಕಾರರು ಎತ್ತಿ ಹೇಳುವರು. ನಾನೂ ಹೇಳಿದ್ದೇನೆ. ಆದರೆ ಆ ಮಾತಿನ ಸಂದರ್ಭವನ್ನು ಗಮನಿಸುವವರು ವಿರಳ. ಅದು ಕುಮಾರಸಂಭವದ ಐದನೆಯ ಸರ್ಗದಲ್ಲಿ ಬರುತ್ತದೆ. ಘೋರ ತಪಸ್ಸಿನಲ್ಲಿರುವ ಪಾರ್ವತಿಯನ್ನು ವಟುವೇಷದ ಶಿವನು ಕುಶಲ ವಿಚಾರಿಸುತ್ತ, ನಿನ್ನ ಶಕ್ತಿಗೆ ತಕ್ಕಷ್ಟೇ ತಪಸ್ಸನ್ನು ಆಚರಿಸುತ್ತಿರುವೆಯಷ್ಟೆ ಎಂದು ಪ್ರಶ್ನಿಸುತ್ತಾನೆ; ಆ ಪ್ರಶ್ನೆಗೆ ಸಮರ್ಥನೆಯಾಗಿ ಶರೀರದ ಮಾತನ್ನು ಆಡುತ್ತಾನೆ. ಎಂದರೆ ಅದು ಮೈಯನ್ನು ದಂಡಿಸಬೇಕೆಂಬ ಆಜ್ಞೆಯಲ್ಲ, ತನ್ನ ಶಕ್ತಿಯನ್ನು ತಾನರಿಯಬೇಕೆಂಬ ಎಚ್ಚರಿಕೆ. ತೇಲುಗುಂಡನ್ನು ಹಿಡಿದು ಇಪ್ಪತ್ತು ಉಸಿರೆಣಿಸಿದವನು ಆ ಶ್ಲೋಕವನ್ನು ನನಗಿಂತ ಚೆನ್ನಾಗಿ ಅರ್ಥಮಾಡಿಕೊಂಡನೆಂದು ನನ್ನ ಭಾವನೆ.

ವಿದ್ಯಾರ್ಥಿಗಳಿಗೆ ನಾಲ್ಕು ಮಾತು

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ೨೦೨೧ರಲ್ಲಿ ಲೋಕದಲ್ಲಿ ಸುಮಾರು ಮೂರು ಲಕ್ಷ ಮಂದಿ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಮಕ್ಕಳ ಪಾಲು ದೊಡ್ಡದು. ಕೆರೆ, ಕಟ್ಟೆ, ನಾಲೆ, ಕೃಷಿಹೊಂಡಗಳ ನಡುವೆ ಬಾಳುವ ನಮಗೆ ಇದು ದೂರದ ಸುದ್ದಿಯಲ್ಲ. ಆದುದರಿಂದ ಅಂದು ಮಾಡಿಸಿದ ಆಣೆಯನ್ನು ಇಂದು ತಿದ್ದಿ ಹೇಳುತ್ತೇನೆ.

ಒಂದು: ಈಜನ್ನು ಕಲಿಯಿರಿ, ಆದರೆ ಬಲ್ಲ ಹಿರಿಯರ ಕಾವಲಿನಲ್ಲಿ ಮಾತ್ರ ಕಲಿಯಿರಿ. ಒಂಟಿಯಾಗಿಯಾಗಲಿ, ಈಜು ಬಾರದ ಗೆಳೆಯರೊಡನೆಯಾಗಲಿ ನೀರಿಗೆ ಇಳಿಯಬೇಡಿ. ಎರಡು: ಮೊದಲು ಕಲಿಯಬೇಕಾದುದು ವೇಗವಲ್ಲ, ಬೆನ್ನಿನ ಮೇಲೆ ತೇಲುವುದು. ಮೂರು: ಮುಳುಗುವವನನ್ನು ಕಂಡರೆ ಹಾರಬೇಡಿ, ಕೂಗಿ ಜನರನ್ನು ಕರೆಯಿರಿ, ಹಗ್ಗವನ್ನೋ ಪಂಚೆಯನ್ನೋ ಖಾಲಿ ಕೊಡವನ್ನೋ ಎಸೆಯಿರಿ. ಬಾಚಿ ತಬ್ಬುವ ಕೈಗೆ ಸಿಕ್ಕಿ ರಕ್ಷಕನೂ ಮುಳುಗಿದ ಉದಾಹರಣೆಗಳು ಅಸಂಖ್ಯ. ನಾಲ್ಕು: ನೀರನ್ನು ಶುಚಿಯಾಗಿಡಿ. ೨೦೨೪ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್ ನಡೆದಾಗ, ಮಳೆಯಿಂದ ಸೆನ್ ನದಿಯ ನೀರು ಮಲಿನವಾಗಿ ಪುರುಷರ ಮುಪ್ಪಂತವನ್ನೇ ಒಂದು ದಿನ ಮುಂದೂಡಬೇಕಾಯಿತು. ಅಷ್ಟು ದೊಡ್ಡ ರಾಜಧಾನಿಗೇ ಆ ಸಂಕಟವೊದಗಿದ ಮೇಲೆ ನಮ್ಮ ಕೆರೆಗಳ ಮಾತನ್ನು ಬೇರೆ ಹೇಳಬೇಕಾಗಿಲ್ಲ.

ಅಂದು ಸಂಜೆ ಅವನು ಹೊರಡುವಾಗ ಪದಕವನ್ನು ನನ್ನ ಮುಂದೆ ಇಟ್ಟು ನಮಸ್ಕರಿಸಿದನು. ನಾನು ಅದನ್ನು ಅವನ ಕೊರಳಿಗೇ ಮರಳಿ ತೊಡಿಸಿ, ಮಗಳಿಗೆ ಈಜು ಕಲಿಸಿದ್ದೀಯಾ ಎಂದು ಕೇಳಿದೆನು. "ಈಗಲೇ ನನಗಿಂತ ಮುಂದಿದ್ದಾಳೆ" ಎಂದನು. ಮುಂದಿನ ಬೇಸಿಗೆಯಲ್ಲಿ ನಮ್ಮ ಮಕ್ಕಳಿಗೂ ಕಲಿಸಲು ಬರುವೆಯಾ ಎಂದೆ. ಬರುತ್ತೇನೆಂದು ಒಪ್ಪಿದ್ದಾನೆ. ಹಗ್ಗದ ತುದಿಯನ್ನು ಹಿಡಿದು ದಡದಲ್ಲಿ ನಿಲ್ಲುವ ಕೆಲಸ ನನ್ನದು.